ಸ್ಟೆಂಟ್‌ಗೆ ಮುಂಚೆ ಕೈಗೆ ವ್ಯಾಯಾಮ: ಅಮ್ಮ ಹೋಗಿದ್ದ ಕ್ಲಾಸ್ ಹೇಗಿತ್ತು

ಆಂಜಿಯೋಪ್ಲಾಸ್ಟಿಗೆ, ಅಂದರೆ ಹೃದಯದ ರಕ್ತನಾಳದ ಬ್ಲಾಕ್ ಬಿಡಿಸಿ ಸ್ಟೆಂಟ್ ಹಾಕುವುದಕ್ಕೆ, ದಿನ ಗೊತ್ತು ಮಾಡಿ ಮನೆಗೆ ಕಳಿಸಿದ ಮೇಲೆ ಅಷ್ಟು ವಾರ ಸುಮ್ನೆ ಕೂತು ಕಾಯುವ ಬದಲು, ರಕ್ತನಾಳಗಳನ್ನು ತಯಾರು ಮಾಡುವ ವ್ಯಾಯಾಮದ ಕ್ಲಾಸಿಗೆ ಅಮ್ಮನನ್ನು ಸೇರಿಸಿದ್ದೆವು. ಮೈಸೂರಿನಲ್ಲಿರುವ ಒಂದು ಫಿಸಿಯೋಥೆರಪಿ ಸೆಂಟರ್. ಹೆಸರು ಹಾಕುವುದಿಲ್ಲ, ಯಾಕಂದರೆ ಕೆಲವು ವಿಷಯಗಳಲ್ಲಿ ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅಲ್ಲಿ ಅಮ್ಮನಿಗೆ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ಹುಡುಗಿಯ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆ. ವ್ಯಾಯಾಮಕ್ಕೆ ಐದಕ್ಕೆ ಐದು, ಕಲಿಸಿದವರಿಗೆ ಐದಕ್ಕೆ ಐದು, ಸೆಂಟರ್‌ಗೆ ಐದಕ್ಕೆ ಎರಡೂವರೆ.

ಯಾಕೆ ಹೋದೆವು ಅಂತ ಮೊದಲು ಹೇಳಬೇಕು. ಅಮ್ಮನಿಗೆ ಅರವತ್ತು ದಾಟಿದೆ. ಸಣ್ಣ ಮೈಕಟ್ಟು, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಮೊದಲ ಆಂಜಿಯೋಗ್ರಾಂ ಮಾಡಿಸಿದ ಆಸ್ಪತ್ರೆಯಲ್ಲಿ ಬಲಗೈ ಮಣಿಕಟ್ಟಿನಿಂದ ಟ್ಯೂಬ್ ಹಾಕಿದರು. ಅರ್ಧ ದಾರಿಯಲ್ಲೇ ರಕ್ತನಾಳ ಬಿಗಿದುಕೊಂಡಿತು. ಟ್ಯೂಬ್ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಎಳೆಯುವಾಗ ಅಮ್ಮ ಕಿರುಚಿದ್ದು ಹೊರಗೆ ಕೂತಿದ್ದ ನಮಗೇ ಕೇಳಿಸಿತು. ಕೊನೆಗೆ ತೊಡೆ ಸಂದಿಯಿಂದ ಮಾಡಿ ಮುಗಿಸಿದರು. ಆಮೇಲೆ ಗಂಟೆಗಟ್ಟಲೆ ಮರಳಿನ ಚೀಲ ಹೇರಿ, ಕಾಲು ಅಲ್ಲಾಡಿಸಬೇಡಿ ಅಂತ ಮಲಗಿಸಿದ್ದರು. "ಹೀಗಾಗುವ ಸಾಧ್ಯತೆ ಇದೆ" ಅಂತ ಮೊದಲೇ ಒಂದು ಮಾತು ಹೇಳಿದ್ದರೆ ಅಮ್ಮ ಅಷ್ಟು ಹೆದರುತ್ತಿರಲಿಲ್ಲ. ಹೇಳಲಿಲ್ಲ. ಬ್ಲಾಕ್ ಇದೆ ಅಂತ ಗೊತ್ತಾಯಿತು, ಆದರೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದ್ದದ್ದರಿಂದ, ಸಕ್ಕರೆಯೂ ಹತೋಟಿಗೆ ಬರಲಿ ಅಂತ ಸ್ಟೆಂಟ್ ಕೆಲಸವನ್ನು ಮುಂದಕ್ಕೆ ಹಾಕಿದರು. ನಾವು ಆಸ್ಪತ್ರೆ ಬದಲಾಯಿಸಿದೆವು. ಹೊಸ ಡಾಕ್ಟರು ಎರಡೂ ಮಣಿಕಟ್ಟು ಒತ್ತಿ ನೋಡಿ, "ಈ ಸಲ ಎಡಗೈಯಿಂದ ಪ್ರಯತ್ನ ಮಾಡೋಣ, ಅಷ್ಟರೊಳಗೆ ಕೈಗೆ ವ್ಯಾಯಾಮ ಕೊಡಿ" ಅಂದರು. ಹಾಗೆ ಈ ಕ್ಲಾಸ್ ಗೊತ್ತಾಗಿದ್ದು.

ಮಣಿಕಟ್ಟಿನಿಂದ ಹೃದಯಕ್ಕೆ ಹೋಗುವುದು ತೀರಾ ಹಳೆಯ ವಿಧಾನವೇನಲ್ಲ. ಆಂಡ್ರಿಯಾಸ್ ಗ್ರುಂಟ್ಸಿಗ್ 1977ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದಾಗ ತೊಡೆಯ ದಾರಿಯಿಂದಲೇ ಹೋಗಿದ್ದರು. ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಬಹುದು ಅಂತ ಕೆನಡಾದ ಲೂಸಿಯೆನ್ ಕಾಂಪೋ 1989ರಲ್ಲಿ ತೋರಿಸಿದರು. ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಶುರುವಾಗಿದ್ದು 1992ರಲ್ಲಿ, ಆಮ್ಸ್ಟರ್‌ಡ್ಯಾಂನ ಫರ್ಡಿನಾಂಡ್ ಕೀಮನೈ ಅವರಿಂದ. ಈಗ ನಮ್ಮ ಊರುಗಳಲ್ಲೂ ಮೊದಲ ಆಯ್ಕೆ ಮಣಿಕಟ್ಟೇ. ರಕ್ತಸ್ರಾವ ಕಡಿಮೆ, ಬೇಗ ಎದ್ದು ಓಡಾಡಬಹುದು. ತೊಂದರೆ ಒಂದೇ, ಜಾಗ ಸಣ್ಣದು. ಮಣಿಕಟ್ಟಿನ ರಕ್ತನಾಳದ ಒಳಗಿನ ಅಗಲ ಸುಮಾರು 2ರಿಂದ 3 ಮಿಲಿಮೀಟರ್. ಟ್ಯೂಬ್ ಒಳಗೆ ಹೋಗಲು ಮೊದಲು ತೂರಿಸುವ ಕೊಳವೆಗೆ ಸೀತ್ ಅಂತಾರೆ, ಸಾಮಾನ್ಯವಾಗಿ ಹಾಕುವ 6 ಫ್ರೆಂಚ್ ಸೈಜಿನ ಸೀತ್‌ನ ಹೊರ ಅಳತೆ ಹೆಚ್ಚು ಕಡಿಮೆ ಎರಡೂವರೆ ಮಿಲಿಮೀಟರ್. ಬಳೆ ಅಂಗಡಿಯಲ್ಲಿ ಸಣ್ಣ ಅಳತೆಯ ಬಳೆಯನ್ನು ಒತ್ತಾಯದಿಂದ ಏರಿಸುವ ಹಾಗೆ. ಹೆಂಗಸರಿಗೆ, ಸಣ್ಣ ಮೈಕಟ್ಟಿನವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಬಿಗಿತ ಜಾಸ್ತಿ ಆಗುತ್ತದೆ. ಅಮ್ಮನಲ್ಲಿ ಮೂರೂ ಇದ್ದವು.

ವ್ಯಾಯಾಮದಿಂದ ರಕ್ತನಾಳಕ್ಕೆ ಏನಾಗುತ್ತದೆ ಅನ್ನುವುದನ್ನು ಫಿಸಿಯೋ ಹುಡುಗಿ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಿದಳು, ಅದು ನನಗೆ ತುಂಬಾ ಇಷ್ಟವಾಯಿತು. ರಕ್ತನಾಳದ ಒಳಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ ಇದೆ, ಎಂಡೋಥೀಲಿಯಂ. ರಕ್ತ ಜೋರಾಗಿ ಹರಿದು ಆ ಪದರವನ್ನು ಸವರಿಕೊಂಡು ಹೋದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಅದರಿಂದ ರಕ್ತನಾಳದ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. ಇದನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುತ್ತೀರಲ್ಲಮ್ಮ ಸಾರ್ಬಿಟ್ರೇಟ್, ಅದು ಮೈಯೊಳಗೆ ಹೋಗಿ ಕೊಡುವುದೂ ಇದನ್ನೇ, ಇದನ್ನು ನಿಮ್ಮ ಕೈಯೇ ತಾನಾಗಿ ಮಾಡಿಕೊಳ್ಳಲಿ ಅಂತ ವ್ಯಾಯಾಮ, ಅಂದಳು. ಅಮ್ಮನಿಗೆ ಅಷ್ಟು ಸಾಕಾಯಿತು.

ನನಗೆ ಸಾಕಾಗಲಿಲ್ಲ, ಮನೆಗೆ ಬಂದು ಓದಿದೆ. 2010ರಲ್ಲಿ ಬಂದ ಒಂದು ಸಂಶೋಧನೆ ಮನಸ್ಸಿನಲ್ಲಿ ಉಳಿದಿದೆ. ಪ್ರತಿಯೊಬ್ಬರ ಎರಡೂ ಕೈಗೆ ಎಂಟು ವಾರ ಹಿಡಿತದ ವ್ಯಾಯಾಮ ಕೊಟ್ಟರು, ಆದರೆ ಒಂದು ಕೈಗೆ ಬಿಪಿ ನೋಡುವಂಥ ಪಟ್ಟಿ ಕಟ್ಟಿ ಗಾಳಿ ತುಂಬಿ ಹರಿವು ಏರದ ಹಾಗೆ ತಡೆದರು. ಎರಡೂ ಕೈಗಳು ಒಂದೇ ಅಷ್ಟು ಕೆಲಸ ಮಾಡಿದವು. ರಕ್ತನಾಳ ಹಿಗ್ಗುವ ಶಕ್ತಿ ಹೆಚ್ಚಿದ್ದು ಪಟ್ಟಿ ಇಲ್ಲದ ಕೈಯಲ್ಲಿ ಮಾತ್ರ. ಅಂದರೆ ಕೆಲಸ ಮಾಡುವುದು ಸ್ನಾಯುವಿನ ಬಲವಲ್ಲ, ಹರಿಯುವ ರಕ್ತ. ಆ ಬದಲಾವಣೆ ಎರಡು ವಾರದಲ್ಲೇ ಕಾಣಿಸಿಕೊಂಡಿತ್ತು. ಹಾಗಾಗಿ ಆಪರೇಷನ್‌ಗೆ ತಿಂಗಳುಗಟ್ಟಲೆ ಸಮಯ ಇಲ್ಲದಿದ್ದರೂ ಏನೋ ಒಂದಿಷ್ಟು ಮಾಡಿಕೊಳ್ಳಬಹುದು. ಇನ್ನೊಂದು ವಿಷಯ: ಸೀತ್ ತೂರಿಸುವಾಗ ಆ ಒಳಪದರ ಉಜ್ಜಿಹೋಗುತ್ತದೆ, ಆಮೇಲೆ ಸ್ವಲ್ಪ ಕಾಲ ನಾಳ ಹಿಗ್ಗುವ ಶಕ್ತಿ ಕಡಿಮೆಯಾಗುತ್ತದೆ. ಪೆಟ್ಟು ಬೀಳುವುದು ಗೊತ್ತಿದ್ದ ಮೇಲೆ ಅದನ್ನು ಮೊದಲೇ ಗಟ್ಟಿ ಮಾಡಿ ಕಳಿಸುವುದು ಒಳ್ಳೆಯದಲ್ವಾ.

ಮೊದಲ ಭೇಟಿ ಪೂರ್ತಿ ಪರೀಕ್ಷೆಗೇ ಹೋಯಿತು. ಆಂಜಿಯೋಗ್ರಾಂ ರಿಪೋರ್ಟ್, ಎಕೋ, ಮಾತ್ರೆ ಚೀಟಿ ಎಲ್ಲವನ್ನೂ ಓದಿದಳು, ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದಳು. ಎರಡೂ ತೋಳಿನ ಬಿಪಿ, ಸಕ್ಕರೆ, ಆಮೇಲೆ ಕಾರಿಡಾರಿನಲ್ಲಿ ಆರು ನಿಮಿಷದ ನಡಿಗೆ. ಕೊನೆಗೆ ಹಿಡಿತದ ಬಲ ಅಳೆಯುವ ಡೈನಮೋಮೀಟರ್ ಕೈಗೆ ಕೊಟ್ಟಳು. ಎಡಗೈ 16 ಕೆಜಿಗೆ ನಿಂತಿತು. ಏಷ್ಯಾದ ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆ ಬಂದರೆ ಸ್ನಾಯು ಕ್ಷೀಣಿಸಿರಬಹುದು ಅಂತ ಲೆಕ್ಕ. ಇಡೀ ಜೀವನ ರಾಗಿ ಮುದ್ದೆ ತೊಳಸಿದ ಕೈ ಇದು, ಅಮ್ಮನಿಗೆ ಆ ಸಂಖ್ಯೆ ನೋಡಿ ಬೇಜಾರಾಯಿತು.

ವ್ಯಾಯಾಮ ನೋಡುವುದಕ್ಕೆ ಏನೂ ಅನಿಸುವುದಿಲ್ಲ. ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು, ಮೊಣಕೈಯನ್ನು ದಿಂಬಿನ ಮೇಲಿಟ್ಟು, ರಬ್ಬರ್ ಚೆಂಡು ಹಿಡಿಯುವುದು. ಎರಡು ಥರ ಇತ್ತು. ಒಂದು, ಮೊಬೈಲ್‌ನಲ್ಲಿ ಟಕ್ ಟಕ್ ತಾಳ ಹಾಕಿಟ್ಟು ಎರಡು ಸೆಕೆಂಡಿಗೊಮ್ಮೆ ಹಿಡಿ, ಬಿಡು, ಹಿಡಿ, ಬಿಡು. ಇನ್ನೊಂದು, ಪೂರ್ತಿ ಬಲದ ಮೂರನೇ ಒಂದು ಭಾಗದಷ್ಟು ಮಾತ್ರ ಒತ್ತಿ ಎರಡು ನಿಮಿಷ ಹಾಗೇ ಹಿಡಿದಿರುವುದು, ಸ್ವಲ್ಪ ಬಿಡುವು ಕೊಟ್ಟು ಮತ್ತೆ, ಹೀಗೆ ನಾಲ್ಕು ಸಲ. ಅಮ್ಮನ ಲೆಕ್ಕಕ್ಕೆ ಅದು 5 ಕೆಜಿ ಆಸುಪಾಸು. ಡೈನಮೋಮೀಟರ್ ಮುಳ್ಳನ್ನು ನೋಡುತ್ತಾ ಅಭ್ಯಾಸ ಮಾಡಿಸಿ, "ಇಷ್ಟು ಒತ್ತಿದರೆ ಹೇಗಿರುತ್ತೆ ಅಂತ ಕೈಗೆ ನೆನಪಿರಲಿ" ಅಂತ ಹೇಳಿ, ಆಮೇಲೆ ಅದೇ ಒತ್ತಡವನ್ನು ಚೆಂಡಿನ ಮೇಲೆ ಹಾಕಿಸುತ್ತಿದ್ದಳು. ಮಧ್ಯದಲ್ಲಿ ಇನ್ನೊಂದು ತೋಳಿಗೆ ಬಿಪಿ ಪಟ್ಟಿ ಕಟ್ಟಿ ನೋಡುತ್ತಿದ್ದಳು, ಯಾಕಂದರೆ ಹೀಗೆ ಹಿಡಿದೇ ಇದ್ದಾಗ ಬಿಪಿ ಏರುತ್ತದೆ.

ಅವಳ ಗಮನವೆಲ್ಲ ಉಸಿರಿನ ಮೇಲೆ. ಬಿಗಿಯಾಗಿ ಹಿಡಿಯುವಾಗ ಎಲ್ಲರೂ ಉಸಿರು ಕಟ್ಟುತ್ತಾರೆ, ಹೃದಯದ ತೊಂದರೆ ಇರುವವರು ಹಾಗೆ ಮಾಡಲೇಬಾರದು. ಅಮ್ಮನೂ ಮೊದಲ ಸಲ ಹಾಗೇ ಮಾಡಿದರು. "ಅಮ್ಮಾ, ಮಗ್ಗಿ ಬರುತ್ತಾ? ಜೋರಾಗಿ ಹೇಳಿ" ಅಂದಳು. ಅಮ್ಮ ಹದಿಮೂರರ ಮಗ್ಗಿ ಶುರು ಮಾಡಿದರು, ಎರಡು ನಿಮಿಷ ಮುಗಿಯುವಷ್ಟರಲ್ಲಿ ಹದಿನೈದಕ್ಕೆ ಬಂದಿದ್ದರು. ಬಾಯಲ್ಲಿ ಮಗ್ಗಿ ಹೇಳುತ್ತಿರುವವರು ಉಸಿರು ಹಿಡಿಯುವುದಕ್ಕೆ ಆಗುವುದಿಲ್ಲ. ಎಷ್ಟು ಸರಳ, ಎಷ್ಟು ಚೆನ್ನಾಗಿದೆ! ಅಲ್ಲಿದ್ದ ಬೇರೆ ಪೇಷಂಟ್‌ಗಳೂ ಆಮೇಲೆ ಮಗ್ಗಿ ಹೇಳುತ್ತಿದ್ದರು.

ಕೈ ಜೊತೆಗೆ ನಡಿಗೆಯೂ ಇತ್ತು. ಮಾತಾಡುತ್ತಾ ನಡೆಯಬಹುದಾದಷ್ಟು ವೇಗ, ಅದಕ್ಕಿಂತ ಜಾಸ್ತಿ ಬೇಡ. ಕ್ಲಾಸ್ ಇಲ್ಲದ ದಿನ ಅಪ್ಪ ಅಮ್ಮ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸ್ವಲ್ಪ ದೂರ ಹೋಗಿ ಬೆಂಚಿನ ಮೇಲೆ ಕೂತು ವಾಪಸ್ ಬರುತ್ತಿದ್ದರು. ಬೆಚ್ಚಗಿನ ನೀರಲ್ಲಿ ಕೈ ಅದ್ದಿಟ್ಟರೂ ಹರಿವು ಹೆಚ್ಚುತ್ತದೆ, ಆದರೆ ಸಕ್ಕರೆ ಕಾಯಿಲೆಯವರಿಗೆ ಬಿಸಿ ಸರಿಯಾಗಿ ಗೊತ್ತಾಗದೆ ಸುಟ್ಟುಕೊಳ್ಳಬಹುದು ಅಂತ ಅಮ್ಮನಿಗೆ ಅದನ್ನು ಹೇಳಲಿಲ್ಲ. ಚಪಾತಿ ಹಿಟ್ಟು ನಾದಿದರೆ ಸಾಲದಾ ಅಂತ ಅಮ್ಮ ಕೇಳಿದ್ದಕ್ಕೆ, "ನಾದಿ, ಒಳ್ಳೆಯದೇ, ಆದರೆ ಅದಕ್ಕೆ ಅಳತೆ ಇಲ್ಲ, ಸಮಯ ಇಲ್ಲ, ಚೆಂಡನ್ನು ಬಿಡಬೇಡಿ" ಅಂದಳು.

ಸಾಮಾನಿನ ವಿಷಯ. ಆನ್‌ಲೈನ್‌ನಲ್ಲಿ ಸಿಗುವ ಸ್ಪ್ರಿಂಗ್ ಗ್ರಿಪ್ಪರ್, 5ರಿಂದ 60 ಕೆಜಿವರೆಗೆ ತಿರುಗಿಸುವ ಗುಂಡಿ ಇರುವಂಥದ್ದು, ತಮ್ಮ ತರಿಸಿದ್ದ. ಅಮ್ಮನಂಥವರಿಗೆ ಅದು ಬೇಡವೇ ಬೇಡ. ಹಿಡಿಗಳ ನಡುವಿನ ಅಂತರ ಜಾಸ್ತಿ, ಸಣ್ಣ ಕೈಗೆ ಬೆರಳ ತುದಿ ಮಾತ್ರ ಸಿಗುತ್ತದೆ, ಬಲವೆಲ್ಲ ಹೆಬ್ಬೆರಳ ಬುಡಕ್ಕೆ ಬಿದ್ದು ನೋವು ಬರುತ್ತದೆ. 5 ಕೆಜಿಗೆ ಇಟ್ಟಾಗಲೂ ಡೈನಮೋಮೀಟರ್‌ನಲ್ಲಿ ಒತ್ತಿದ್ದಕ್ಕಿಂತ ಸ್ಪಷ್ಟವಾಗಿ ಗಟ್ಟಿ ಅನಿಸುತ್ತಿತ್ತು. ರಕ್ತದಾನ ಶಿಬಿರದಲ್ಲಿ ಕೊಡುವ ನಗುಮುಖದ ಸ್ಪಂಜಿನ ಚೆಂಡು ತೀರಾ ಮೆತ್ತಗೆ, ಕೈಗೆ ಕೆಲಸವೇ ಸಿಗುವುದಿಲ್ಲ. ಫಿಸಿಯೋ ಅಂಗಡಿಗಳಲ್ಲಿ ಮೂರು ಗಟ್ಟಿತನದಲ್ಲಿ ಸಿಗುವ ಮೊಟ್ಟೆಯಾಕಾರದ ಜೆಲ್ ಚೆಂಡುಗಳೇ ಸರಿ. ಅಂಗೈಯಲ್ಲಿ ಸರಿಯಾಗಿ ಕೂರುತ್ತವೆ, ಬೆವರಿದರೂ ಜಾರುವುದಿಲ್ಲ, ತೊಳೆಯಬಹುದು. ಇನ್ನೂರು ಮುನ್ನೂರು ರೂಪಾಯಿ ಅಷ್ಟೇ. ಮೊದಲು ಮೆದುವಾದದ್ದು ತೆಗೆದುಕೊಳ್ಳಿ, ಗಟ್ಟಿಯಾದದ್ದಕ್ಕೆ ಆತುರ ಬೇಡ.

ಮನೆಯಲ್ಲಿ ಇದಕ್ಕೆ ವಿರೋಧ ಇರಲಿಲ್ಲ ಅಂತಲ್ಲ. ಸೋದರಮಾವ ಫೋನ್ ಮಾಡಿ, "ಹಾರ್ಟ್ ಬ್ಲಾಕ್ ಇರೋ ಹೆಂಗಸಿನ ಕೈಲಿ ವ್ಯಾಯಾಮ ಮಾಡಿಸ್ತಿದ್ದೀರಲ್ಲ, ನಿಮಗೇನಾದರೂ ಬುದ್ಧಿ ಇದೆಯಾ" ಅಂತ ಬೈದರು. ಅವರ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ವ್ಯಾಯಾಮ ಮತ್ತು ಹೃದಯ ಎರಡನ್ನೂ ಒಟ್ಟಿಗೆ ಹೇಳಿದರೆ ಸಾಕು, ಜನ ಬೆಚ್ಚಿಬೀಳುತ್ತಾರೆ. ಆ ನೋವು ಇನ್ನೂ ಹೋಗಿಲ್ಲ. ಆದರೆ ಜಿಮ್‌ನಲ್ಲಿ ಭಾರ ಎತ್ತುವುದೇ ಬೇರೆ, ಡಾಕ್ಟರ ಒಪ್ಪಿಗೆ ಮೇಲೆ ಕೂತಲ್ಲೇ ಚೆಂಡು ಒತ್ತುವುದೇ ಬೇರೆ. ಎಲ್ಲರಿಗೂ ಇದು ಸರಿ ಅಂತ ನಾನು ಹೇಳುವುದಿಲ್ಲ. ಸುಮ್ಮನೆ ಕೂತಾಗಲೂ ಎದೆನೋವು ಬರುತ್ತಿದ್ದರೆ, ಇತ್ತೀಚೆಗೆ ನೋವು ಜಾಸ್ತಿಯಾಗುತ್ತಿದ್ದರೆ, ಹೃದಯದ ಎಡಭಾಗದ ಮುಖ್ಯ ರಕ್ತನಾಳದಲ್ಲೇ ದೊಡ್ಡ ಬ್ಲಾಕ್ ಇದ್ದರೆ, ಹೃದಯದ ಕವಾಟ ತೀರಾ ಕಿರಿದಾಗಿದ್ದರೆ ಇದು ನಿಮಗಲ್ಲ. ಅಂಥವರು ಕಾಯಬಾರದು, ವ್ಯಾಯಾಮ ಹುಡುಕಬಾರದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅಮ್ಮನ ಜೊತೆ ಸೇರಿದ್ದ ಒಬ್ಬ ಯಜಮಾನರನ್ನು, ರಾತ್ರಿ ಮಲಗಿದಾಗ ಎದೆ ಹಿಡಿದುಕೊಂಡಿತ್ತು ಅಂತ ಅವರು ಹೇಳಿದ ತಕ್ಷಣ, ಚೆಂಡು ಕೈಗೆ ಕೊಡದೆ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕಳಿಸಿದ್ದನ್ನು ನಾನೇ ನೋಡಿದೆ. ಆ ಹುಡುಗಿ ಮೇಲೆ ನನಗೆ ನಂಬಿಕೆ ಬಂದದ್ದು ಅವತ್ತು.

ಈಗ ಸಿಟ್ಟಿನ ವಿಷಯಗಳು. ಸೆಂಟರ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹೃದಯದ ಪೇಷಂಟ್‌ಗಳು ಬರುವ ಜಾಗಕ್ಕೆ ಕಡಿದಾದ ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ. ಅಮ್ಮ ಮಧ್ಯದಲ್ಲಿ ನಿಂತು ನಿಂತು ಹತ್ತುತ್ತಿದ್ದರು. ಹೇಳಿದರೆ "ಬಿಲ್ಡಿಂಗ್ ಓನರ್‌ಗೆ ಹೇಳಿದ್ದೀವಿ" ಅಂತಾರೆ. ಕೆಳಗೆ ಒಂದು ಕೋಣೆ ಬಾಡಿಗೆಗೆ ಹಿಡಿದು ಹೊಸ ಪೇಷಂಟ್‌ಗಳನ್ನು ಅಲ್ಲೇ ನೋಡಬಹುದಿತ್ತು.

ಎರಡನೆಯದು ಇನ್ನೂ ಗಂಭೀರ. ಕೌಂಟರಿನಲ್ಲಿ ಕೂತವರು ಬಿಲ್ ಕೊಡುವಾಗ, ರಕ್ತನಾಳ ಹಿಗ್ಗುವುದಕ್ಕೆ ಒಳ್ಳೆಯದು ಅಂತ ಎಲ್-ಆರ್ಜಿನಿನ್ ಪುಡಿಯ ಸ್ಯಾಚೆಗಳನ್ನು ಮುಂದಿಡುತ್ತಾರೆ. ದೇಹ ನೈಟ್ರಿಕ್ ಆಕ್ಸೈಡ್ ಮಾಡುವುದು ಎಲ್-ಆರ್ಜಿನಿನ್‌ನಿಂದಲೇ, ಅದು ನಿಜ. ಆದರೆ ಹಾರ್ಟ್ ಅಟ್ಯಾಕ್ ಆದವರಿಗೆ ಅದನ್ನು ಕೊಟ್ಟು ನೋಡಿದ ಅಮೆರಿಕದ ಪ್ರಯೋಗದ ವರದಿ 2006ರಲ್ಲಿ ಬಂತು. ಹೃದಯಕ್ಕೆ ಏನೂ ಲಾಭ ಕಾಣಲಿಲ್ಲ, ಅದನ್ನು ತೆಗೆದುಕೊಂಡ ಗುಂಪಿನಲ್ಲೇ ಸಾವುಗಳಾದವು, ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಬೇಕಾಯಿತು. ಅಂಥದ್ದನ್ನು ಡಾಕ್ಟರ ಚೀಟಿ ಇಲ್ಲದೆ ಹೃದಯದ ಪೇಷಂಟ್‌ಗಳ ಕೈಗೆ ಕೊಡುವುದು ತಪ್ಪು, ದೊಡ್ಡ ತಪ್ಪು. ಒಳಗೆ ಹೋಗಿ ಫಿಸಿಯೋ ಹುಡುಗಿಯನ್ನು ಕೇಳಿದೆ, "ಬೇಡ ಅಕ್ಕ, ತೆಗೆದುಕೊಳ್ಳಬೇಡಿ" ಅಂದಳು. ಅವಳ ಮಾತು ಕೌಂಟರ್‌ವರೆಗೆ ನಡೆಯುವುದಿಲ್ಲ ಅಂತ ಕಾಣುತ್ತದೆ.

ಮೂರನೆಯದು, ಅಳತೆ. ಹಿಡಿತದ ಬಲ ಅಳೆದರು, ನಡಿಗೆ ಅಳೆದರು, ಆದರೆ ಯಾವುದಕ್ಕೆ ಇಷ್ಟೆಲ್ಲ ಮಾಡುತ್ತಿದ್ದೇವೋ ಆ ರಕ್ತನಾಳವನ್ನು ಅಳೆಯಲೇ ಇಲ್ಲ. ಮಣಿಕಟ್ಟಿಗೆ ಅಲ್ಟ್ರಾಸೌಂಡ್ ಹಿಡಿದರೆ ಐದು ನಿಮಿಷದ ಕೆಲಸ. ಸ್ಟೆಂಟ್ ಹಾಕುವ ದಿನ ಆಸ್ಪತ್ರೆಯಲ್ಲಿ ನೋಡಿದಾಗ ಎಡಗೈ ರಕ್ತನಾಳ 2.4 ಮಿಲಿಮೀಟರ್ ಇತ್ತು. ಮೊದಲು ಎಷ್ಟಿತ್ತು? ಅಳೆದಿದ್ದರೆ ತಾನೇ ಹೇಳುವುದು. ವ್ಯಾಯಾಮ ಶುರು ಮಾಡುವ ಮುಂಚೆ ಒಂದು ಸಲ ಹೊರಗಡೆ ಮಾಡಿಸಿ ತನ್ನಿ ಅಂತ ಚೀಟಿ ಬರೆದುಕೊಟ್ಟಿದ್ದರೂ ಮಾಡಿಸುತ್ತಿದ್ದೆವು.

ಹಾಗಾದರೆ ಉಪಯೋಗ ಆಯಿತಾ? ಈ ಸಲ ಎಡ ಮಣಿಕಟ್ಟಿನಿಂದಲೇ ಕೆಲಸ ಮುಗಿಯಿತು. ಅಮ್ಮ ಕಿರುಚಲಿಲ್ಲ, ಬಿಗಿತ ಬರಲಿಲ್ಲ. ಸಂಜೆ ಕೈಗೆ ಪ್ಲಾಸ್ಟಿಕ್ ಬೆಲ್ಟ್ ಕಟ್ಟಿಕೊಂಡು ಮಂಚದ ಮೇಲೆ ಕೂತು ಇಡ್ಲಿ ತಿಂದರು, ನರ್ಸ್ ಬಂದು ಬಂದು ಬೆಲ್ಟಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರು. ಎಲ್ಲಾ ವ್ಯಾಯಾಮದಿಂದಲೇ ಅಂತ ನಾನು ಹೇಳಲಾರೆ. ಡಾಕ್ಟರು ತೆಳುವಾದ ಸೀತ್ ಆರಿಸಿದ್ದರು, ನಾಳ ಸಡಿಲವಾಗಲು ಔಷಧಿ ಕೊಟ್ಟಿದ್ದರು, ಕೈಯೂ ಬೇರೆಯದು, ಆಸ್ಪತ್ರೆಯೂ ಬೇರೆಯದು. ಆದರೆ ಹಿಡಿತ 16ರಿಂದ 20 ಕೆಜಿ ದಾಟಿತ್ತು, ಆರು ನಿಮಿಷದಲ್ಲಿ ನಡೆಯುವ ದೂರ ಹೆಚ್ಚಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮ ಥಿಯೇಟರಿಗೆ ಹೋಗುವಾಗ ಅಳುತ್ತಿರಲಿಲ್ಲ. ಹೆದರಿಕೆಯಿಂದಲೂ ಆ ನಾಳ ಬಿಗಿಯುತ್ತದೆ, ಹಾಗಾಗಿ ಇದನ್ನು ನಾನು ಸಣ್ಣ ವಿಷಯ ಅಂತ ಬಿಡುವುದಿಲ್ಲ. ನನ್ನ ತಂಗಿಗೆ ನಾಳೆ ಇದೇ ಪರಿಸ್ಥಿತಿ ಬಂದರೂ ಕಳಿಸುತ್ತೇನೆ.

ಬೈಪಾಸ್‌ಗೆ ಕಾಯುತ್ತಿರುವವರಿಗೆ ಅಲ್ಲೇ ಬೇರೆ ಬ್ಯಾಚ್ ಇದೆ, ಉಸಿರಾಟದ ಸ್ನಾಯುಗಳಿಗೆ. ಇದರ ಬಗ್ಗೆ ಇನ್ನೂ ಗಟ್ಟಿ ಆಧಾರ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಬೈಪಾಸ್‌ಗೆ ಕನಿಷ್ಠ ಎರಡು ವಾರ ಮುಂಚಿನಿಂದ ದಿನಾ 20 ನಿಮಿಷ ಹೀಗೆ ಮಾಡಿಸಿದಾಗ, ಆಪರೇಷನ್ ಆದ ಮೇಲೆ ಶ್ವಾಸಕೋಶದ ತೊಂದರೆ ಬಂದದ್ದು ನೂರಕ್ಕೆ 18 ಜನರಿಗೆ, ಮಾಡದವರಲ್ಲಿ 35 ಜನರಿಗೆ. ಅದೂ 2006ರ ವರದಿ. ಬೈಪಾಸ್‌ನವರು ಇನ್ನೊಂದನ್ನು ಸರ್ಜನ್ ಹತ್ತಿರ ಕೇಳಿಕೊಳ್ಳಿ: ಕೆಲವರಿಗೆ ಮಣಿಕಟ್ಟಿನ ರಕ್ತನಾಳವನ್ನೇ ತೆಗೆದು ಹೃದಯಕ್ಕೆ ಜೋಡಿಸುತ್ತಾರೆ, ಟ್ಯೂಬ್ ಹಾಕಿದ ನಾಳವನ್ನು ಸಾಮಾನ್ಯವಾಗಿ ಅದಕ್ಕೆ ಬಳಸುವುದಿಲ್ಲ. ಯಾವ ಕೈ ಉಳಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಡಯಾಲಿಸಿಸ್‌ಗೆ ಫಿಸ್ಟುಲಾ (ಕೈಯ ಎರಡು ರಕ್ತನಾಳಗಳನ್ನು ಜೋಡಿಸುವುದು) ಮಾಡಿಸಿಕೊಳ್ಳುವವರಿಗೆ ಚೆಂಡು ಒತ್ತಿ ಅಂತ ಕಿಡ್ನಿ ಡಾಕ್ಟರುಗಳು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಹೃದಯದ ಕಡೆಯವರೂ ಡೇಟ್ ಬರೆಯುವಾಗಲೇ ಅದೇ ಚೀಟಿಯಲ್ಲಿ ಒಂದು ಸಾಲು ಬರೆದುಕೊಟ್ಟರೆ ಎಷ್ಟು ಜನಕ್ಕೆ ಅನುಕೂಲ ಆಗುತ್ತದೆ.

ಒಂದು ಸೆಷನ್‌ಗೆ 600 ರೂಪಾಯಿ, ನಮ್ಮ ಇನ್ಶೂರೆನ್ಸ್‌ನಲ್ಲಿ ಸಿಗಲಿಲ್ಲ. ಪೂರ್ತಿ ಪ್ಯಾಕೇಜ್ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಮೊದಲ ಪರೀಕ್ಷೆ, ಆಮೇಲೆ ಮೂರು ನಾಲ್ಕು ಸೆಷನ್, ಕೊನೆಗೆ ಒಂದು ಸಲ ಅಳತೆ, ಇಷ್ಟಕ್ಕೆ ದುಡ್ಡು ಕೊಡಿ, ಉಳಿದದ್ದು ಮನೆಯಲ್ಲಿ ಚೆಂಡು ಇಟ್ಟುಕೊಂಡು ಮಾಡಬಹುದು. ಸ್ಟೆಂಟ್ ಆದ ಮೇಲೆ ಆ ಕೈಗೆ ಯಾವಾಗ ಮತ್ತೆ ಶುರು ಮಾಡಬೇಕು ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಶುರು ಮಾಡಬೇಡಿ. ಬೆಳಗಿನ ಬ್ಯಾಚ್‌ನಲ್ಲಿ ಜನ ಕಡಿಮೆ, ಹತ್ತಿರ ಕೂತು ಹೇಳಿಕೊಡುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ತಿಂದೇ ಹೋಗಿ, ಖಾಲಿ ಹೊಟ್ಟೆಯಲ್ಲಿ ಬಂದರೆ ವಾಪಸ್ ಕಳಿಸುತ್ತಾರೆ, ಕಳಿಸಲೇಬೇಕು.